ಸಾಹೇಬರಿಲ್ಲದ ಗ್ರೂಪು

ಕೇಳುಗರಿಗೆ ನಮಸ್ಕಾರ.

ಹಾಸನ, ಚಿಕ್ಕಮಗಳೂರಿನ ಯಾವ ಸರ್ಕಾರಿ ಕಚೇರಿಗೆ ಹೋದರೂ ಸಿಬ್ಬಂದಿಯದ್ದೊಂದು ವಾಟ್ಸಾಪ್ ಗ್ರೂಪ್ ಇದ್ದೇ ಇರುತ್ತದೆ. ಆದೇಶ, ಸಭೆ, ವರದಿ ಎಲ್ಲಾ ಅದರಲ್ಲೇ. ಇವರು ಯಾವಾಗ್ಲೂ ಮೊಬೈಲ್ ಒತ್ತುತ್ತಾ ಕೂತಿರುತ್ತಾರೆ ಎಂದು ಬೈಯುವವರೂ ಇದ್ದಾರೆ. ಆದರೆ ಮೇಲಿನವರ ಮೇಲೆ ಇವರಿಗೆ ಎಷ್ಟು ನಂಬಿಕೆ ಇದೆ ಅನ್ನೋದು ಅದೇ ಮೊಬೈಲಿನಲ್ಲಿ ಗೊತ್ತಾಗುತ್ತದೆ.

ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ವ್ಯವಸ್ಥೆ ವಾಟ್ಸಾಪ್‌ನಲ್ಲಿ ಬಂದದ್ದು 2018ರಲ್ಲಿ. ಗುಡ್ ಮಾರ್ನಿಂಗ್ ಚಿತ್ರಗಳ ಕಾಟ ತಪ್ಪಲಿ ಎಂದು ಎಷ್ಟೋ ಅಧಿಕಾರಿಗಳು ಅದನ್ನು ಹಾಕಿಕೊಂಡರು. ಅದೇನೋ ಸರಿ. ಆದರೆ ಚಿತ್ರಗಳ ಜೊತೆ ಪ್ರಶ್ನೆಗಳೂ ನಿಂತುಹೋದವು. ಆಗ ಸಿಬ್ಬಂದಿ ಸಾಹೇಬರಿಲ್ಲದ ಇನ್ನೊಂದು ಗ್ರೂಪ್ ಮಾಡಿಕೊಳ್ಳುತ್ತಾರೆ. "ಓಟಿಪಿ ಬರ್ತಿಲ್ಲ, ಏನ್ಮಾಡೋದು?" ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಸ್ಕ್ರೀನ್‌ಶಾಟ್ ತೆಗೆದು, ಎಲ್ಲಿ ಒತ್ತಬೇಕೋ ಅಲ್ಲಿ ಕೆಂಪು ಗೆರೆ ಎಳೆದು ಕಳಿಸುತ್ತಾರೆ. ಇದನ್ನು ಹರಟೆ ಅನ್ನೋಕಾಗಲ್ಲ. ಸರ್ಕಾರಿ ಕೆಲಸದ ಹೊಸ ಆಪ್ ಕಲಿಸುವ ನಿಜವಾದ ತರಬೇತಿ ನಡೆಯುವುದೇ ಇಲ್ಲಿ. ಬೇಜಾರಿನ ಸಂಗತಿ ಅಂದ್ರೆ, ಆಪ್ ತಂದವರಿಗೆ ಇದರ ಸುಳಿವೇ ಇರುವುದಿಲ್ಲ.

ನರೇಗಾ ಹಾಜರಿಯನ್ನೇ ನೋಡಿ. 2023ರ ಜನವರಿಯಿಂದ ಕೂಲಿಕಾರರ ಫೋಟೋ ದಿನಕ್ಕೆ ಎರಡು ಸಲ ಆಪ್‌ಗೆ ಹಾಕುವುದು ಕಡ್ಡಾಯವಾಯಿತು. ಸಕಲೇಶಪುರದ ಹೆತ್ತೂರು, ಹಾನುಬಾಳು ಕಡೆಯ ಗುಡ್ಡಗಳಲ್ಲಿ ಓಡಾಡಿದವರಿಗೆ ಸಿಗ್ನಲ್ ಪಾಡು ಗೊತ್ತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಯಿತು. ಅಂಥ ಊರಿನಿಂದ ಸಾಹೇಬರಿಗೆ "ಸರ್, ಫೋಟೋ ಹೋಗ್ತಿಲ್ಲ" ಎಂದು ಮೆಸೇಜ್ ಬರುತ್ತದೆ. ಎರಡು ನೀಲಿ ಗೆರೆ ಬೀಳುತ್ತವೆ. ಉತ್ತರ ಇಲ್ಲ. ಮರುದಿನ ಕಚೇರಿಯ ಗ್ರೂಪ್‌ನಲ್ಲಿ, ಯಾರ ಪ್ರಗತಿ ಕಡಿಮೆ ಅನ್ನೋ ಪಟ್ಟಿ ಬರುತ್ತದೆ, ಹೆಸರುಗಳಿಗೆ ಕೆಂಪು ಬಣ್ಣ ಬಳಿದು. ಅಷ್ಟಾದ ಮೇಲೆ ಆ ಸಾಹೇಬರು ಡಿಜಿಟಲ್ ಆಡಳಿತದ ಬಗ್ಗೆ ಎಷ್ಟು ಚೆಂದ ಭಾಷಣ ಮಾಡಿದರೂ ಯಾರು ನಂಬುತ್ತಾರೆ, ಹೇಳಿ?

2024ರಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಇಳಿದಾಗ ಆಪ್‌ಗಳ ಹೊರೆಯೂ ಅವರ ದೂರಾಗಿತ್ತು. ಆಪ್ ಬೇಡ ಅನ್ನೋದಕ್ಕಿಂತ, ಒಳ್ಳೆ ಮೊಬೈಲ್, ಲ್ಯಾಪ್‌ಟಾಪ್ ಕೊಡಿ ಎಂದು ಕೇಳಿದರು. ಇಂಥ ಮಾತು ಬೀದಿಗೆ ಬರುವ ಮೊದಲು ಕಚೇರಿಯ ಗ್ರೂಪ್‌ನಲ್ಲೇ ಹೇಳುವ ಹಾಗಿರಬೇಕು, ಅಲ್ವಾ? ಸರ್ಕಾರಿ ನೌಕರರು ಫೇಸ್‌ಬುಕ್‌ನಲ್ಲಿ ಸರ್ಕಾರವನ್ನು ಟೀಕಿಸುವಂತಿಲ್ಲ, 2021ರ ನಡತೆ ನಿಯಮಗಳಿವೆ. ಹೊರಗೆ ಮಾತಾಡಬೇಡಿ ಎಂದ ಮೇಲೆ ಒಳಗಾದರೂ ಬಾಯಿ ಬಿಡಲು ಜಾಗ ಕೊಡಬೇಕು.

ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ದಿನಕ್ಕೆ ಒಂದು ಗಂಟೆಯಾದರೂ ಗ್ರೂಪನ್ನು ಎಲ್ಲರಿಗೂ ತೆರೆದಿಡಿ. ಹೊಸ ಆಪ್ ಬಂದರೆ, ಸಿಗ್ನಲ್ ಇಲ್ಲದ ಊರಿಗೆ ಹೋಗಿ ಒಂದು ಫೋಟೋ ನೀವೇ ಹಾಕಿ ನೋಡಿ. ಉತ್ತರ ತಿಳಿಯದಿದ್ದರೆ "ನನಗೂ ಗೊತ್ತಿಲ್ಲ, ಬೆಂಗಳೂರಿಗೆ ಕೇಳಿ ಹೇಳ್ತೀನಿ" ಎಂದು ಬರೆಯಿರಿ. ಕೇಳಿದ ಮೇಲೆ ಅವರು ಏನಂದರು ಅನ್ನೋದನ್ನೂ ಅದೇ ಗ್ರೂಪ್‌ನಲ್ಲಿ ಹಾಕಿ.

ನಮಸ್ಕಾರ.