ನೇರಳೆ ಬಣ್ಣ ಅಳಿಸುವ ನೆಲ್ಲಿಕಾಯಿ

ಕೇಳುಗರಿಗೆಲ್ಲ ನಮಸ್ಕಾರ.

ಉತ್ಥಾನ ದ್ವಾದಶಿಯ ದಿನ ತುಳಸಿ ಕಟ್ಟೆಯಲ್ಲಿ ನೆಲ್ಲಿ ಕೊಂಬೆ ನೆಟ್ಟು ಪೂಜೆ ಮಾಡುತ್ತೇವೆ, ಅಲ್ವಾ? ಆ ಹೊತ್ತಿಗೆ ಬೆಟ್ಟದ ನೆಲ್ಲಿಕಾಯಿ ಸಂತೆಗೂ ಬಂದಿರುತ್ತದೆ. ಇವತ್ತು ಆ ಕಾಯಿಯ ಆಂಟಿಆಕ್ಸಿಡೆಂಟ್ ಗುಣದ ಬಗ್ಗೆ ಮಾತಾಡೋಣ. ಈ ಪದ ಈಗ ಚಹಾ ಪೊಟ್ಟಣದ ಮೇಲೂ ಇದೆ, ಮುಖಕ್ಕೆ ಹಚ್ಚುವ ಕ್ರೀಮಿನ ಮೇಲೂ ಇದೆ.

ಒಂದು ಸೇಬು ಹೆಚ್ಚಿ. ಕೆಲವು ಹೋಳಿಗೆ ನೆಲ್ಲಿಕಾಯಿ ರಸ ಸವರಿ, ಉಳಿದವನ್ನು ಹಾಗೇ ಬಿಡಿ. ಸ್ವಲ್ಪ ಹೊತ್ತಿಗೆ ರಸ ಇಲ್ಲದ ಹೋಳು ಕಂದುಗಟ್ಟುತ್ತದೆ. ಗಾಳಿಯ ಆಮ್ಲಜನಕದಿಂದ ಆಗುವ ಬದಲಾವಣೆ ಅದು. ರಸ ಸವರಿದ ಹೋಳು ಇನ್ನೂ ಬೆಳ್ಳಗೇ ಇರುತ್ತದೆ. ರಸದಲ್ಲಿರುವ ಸಿ ಜೀವಸತ್ವ ತಾನು ಸವೆದು ಸೇಬನ್ನು ಕಾಯುತ್ತದೆ.

ನಮ್ಮ ಮೈಯಲ್ಲೂ ಆಮ್ಲಜನಕದ ಇಂಥ ಆಟ ನಡೆದೇ ಇರುತ್ತದೆ. ಉಂಡ ಅನ್ನ ಶಕ್ತಿಯಾಗುವಾಗ ಕೆಲವು ಅಣುಗಳಲ್ಲಿ ಒಂದು ಎಲೆಕ್ಟ್ರಾನ್ ತನ್ನ ಜೋಡಿಯಿಲ್ಲದೆ ಒಂಟಿಯಾಗಿ ಉಳಿಯುತ್ತದೆ. ಇವೇ ಫ್ರೀ ರ್ಯಾಡಿಕಲ್‌ಗಳು. ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಆಗ ಆ ಅಣು ಕೆಡುತ್ತದೆ. ತಾನೇ ಎಲೆಕ್ಟ್ರಾನ್ ಕೊಟ್ಟು ಇದನ್ನು ನಿಲ್ಲಿಸುವುದೇ ಆಂಟಿಆಕ್ಸಿಡೆಂಟ್.

ಗಿಡಮೂಲಿಕೆಯ ಸಾರದಲ್ಲಿ ಈ ಗುಣ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ನೋಡುವ ಬಗೆ ತುಂಬಾ ಚೆಂದ. ಡಿಪಿಪಿಎಚ್ ಅನ್ನುವ ರಾಸಾಯನಿಕವೂ ಒಂದು ಫ್ರೀ ರ್ಯಾಡಿಕಲ್ಲೇ. ಅದನ್ನು ಮೆಥನಾಲ್ ಎಂಬ ದ್ರವದಲ್ಲಿ ಕರಗಿಸಿದರೆ ಗಾಢ ನೇರಳೆ ಬಣ್ಣ, ಥೇಟ್ ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ಅದಕ್ಕೆ ನೆಲ್ಲಿಕಾಯಿ ಸಾರದ ಕೆಲವೇ ಹನಿ ಬಿಟ್ಟರೆ, ಸಾರ ಅದರ ಒಂಟಿ ಎಲೆಕ್ಟ್ರಾನಿಗೆ ಜೋಡಿ ಕೊಟ್ಟ ಹಾಗೆಲ್ಲ ನೇರಳೆ ಮಾಸಿ ಹಳದಿಯಾಗುತ್ತಾ ಬರುತ್ತದೆ. ಸುಮಾರು 30 ನಿಮಿಷ ಕತ್ತಲಲ್ಲಿಟ್ಟು, 517 ನ್ಯಾನೋಮೀಟರ್ ಅಲೆಯುದ್ದದ, ಅಂದರೆ ಹಸಿರು, ಬೆಳಕಿನಲ್ಲಿ ಎಷ್ಟು ಬಣ್ಣ ಹೋಯಿತು ಎಂದು ಅಳೆಯುತ್ತಾರೆ.

ಇದು ಬರೀ ಸಿ ಜೀವಸತ್ವದ ಕೆಲಸ ಅಲ್ಲ. ಕಬ್ಬಿಣದ ಈಳಿಗೆಮಣೆಯಲ್ಲಿ ನೆಲ್ಲಿಕಾಯಿ ಹೆಚ್ಚಿದವರಿಗೆ ಗೊತ್ತು, ಅಲಗೂ ಕಾಯಿಯೂ ಕಪ್ಪಾಗುತ್ತವೆ. ಕಾಯಿಯಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡ ಗುರುತು ಅದು. ನಾಲಿಗೆಗೆ ಒಗರು ಅನ್ನಿಸುವುದೂ ಇದೇ ಟ್ಯಾನಿನ್. ಡಿಪಿಪಿಎಚ್‌ನ ಬಣ್ಣ ಕಳೆಯುವುದರಲ್ಲಿ ಅದರ ಪಾಲು ದೊಡ್ಡದು.

ಇಲ್ಲಿ ಒಂದು ಮಾತು ಒತ್ತಿ ಹೇಳಲೇಬೇಕು. ಗಾಜಿನ ನಳಿಗೆಯಲ್ಲಿ ಬಣ್ಣ ಹೋಯಿತು ಅಂದ ಮಾತ್ರಕ್ಕೆ ಮೈಯಲ್ಲಿ ಕಾಯಿಲೆ ಹೋಯಿತು ಅಂತಲ್ಲ. ಟ್ಯಾನಿನ್‌ನಂಥ ದೊಡ್ಡ ಅಣುಗಳು ರಕ್ತಕ್ಕೆ ಸೇರುವುದೇ ಕಡಿಮೆ, ಕರುಳಿನ ಸೂಕ್ಷ್ಮಜೀವಿಗಳು ಅವನ್ನು ಒಡೆದು ಬೇರೆಯದೇ ಮಾಡುತ್ತವೆ. ಅದೂ ಅಲ್ಲದೆ ಫ್ರೀ ರ್ಯಾಡಿಕಲ್ ಪೂರ್ತಿ ಶತ್ರುವೂ ಅಲ್ಲ. ರೋಗಾಣು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳೇ ಅವನ್ನು ಬಳಸುತ್ತವೆ.

ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಚಟವಿದ್ದ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಒಂದು ಅಧ್ಯಯನ ನಡೆಯಿತು. ಕ್ಯಾರಟ್‌ನಲ್ಲಿರುವ ಬೀಟಾ ಕ್ಯಾರೊಟಿನ್ ಕೂಡ ಆಂಟಿಆಕ್ಸಿಡೆಂಟೇ. ಅದನ್ನು ಮಾತ್ರೆ ಮಾಡಿ ಕೆಲವರಿಗೆ ವರ್ಷಗಟ್ಟಲೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ! ಹಾಗಾಗಿ ಗಟ್ಟಿಸಾರದ ಮಾತ್ರೆಗಳನ್ನು ಕಂಡ ಕೂಡಲೇ ಕೊಳ್ಳಬೇಡಿ. ಸಕ್ಕರೆ ಕಾಯಿಲೆಗೋ ರಕ್ತ ತೆಳುವಾಗಲೆಂದೋ ಔಷಧಿ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಶುರು ಮಾಡಲೇಬಾರದು.

ಕಾಯಿಯನ್ನು ಊಟದ ಜೊತೆ ತಿನ್ನಿ. ಎರಡು ನೆಲ್ಲಿಕಾಯಿ ತುರಿದು, ತೆಂಗಿನತುರಿ, ಜೀರಿಗೆ, ಒಂದು ಹಸಿಮೆಣಸು ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ ಆಯಿತು. ಕುದಿಸುವುದು ಬೇಡ, ಸಿ ಜೀವಸತ್ವಕ್ಕೆ ಬಿಸಿ ಆಗಿಬರುವುದಿಲ್ಲ. ಸೇಬಿನ ಹೋಳಿಗೆ ರಸ ಸವರುವ ಕೆಲಸ ಮಾತ್ರ ಮನೆಯ ಮಕ್ಕಳಿಗೇ ಬಿಡಿ.

ನಮಸ್ಕಾರ.