ಸದನದಲ್ಲಿ ಉಳಿದ ಮಾತು: ಶಾಂತವೇರಿ ಗೋಪಾಲಗೌಡರನ್ನು ನೆನೆಯುತ್ತಾ

ನಮಸ್ಕಾರ. ನಮ್ಮ ಶಾಸಕರನ್ನು ನಾವು ಅಳೆಯುವ ರೀತಿಯ ಬಗ್ಗೆ ನನಗೆ ಬಹಳ ದಿನಗಳಿಂದ ಒಂದು ಅಸಮಾಧಾನವಿದೆ. ಎಷ್ಟು ಅನುದಾನ ತಂದರು, ಎಷ್ಟು ಗುದ್ದಲಿ ಪೂಜೆ ಮಾಡಿದರು, ಮದುವೆಗೆ ಬಂದರೋ ಇಲ್ಲವೋ ಎಂದು ಕೇಳುವ ನಾವು, ಸದನದಲ್ಲಿ ಯಾವ ಮಸೂದೆಯ ಮೇಲೆ ಏನು ಮಾತನಾಡಿದರು ಎಂದು ಕೇಳುವುದೇ ಇಲ್ಲ. ಶಾಸಕ ಎಂಬ ಪದದೊಳಗೇ ಶಾಸನವಿದೆ ಎನ್ನುವುದು ನಮಗೆ ಮರೆತೇಹೋಗಿದೆ. ಈ ಮರೆವು ಕಾಡಿದಾಗಲೆಲ್ಲ ನನಗೆ ನೆನಪಾಗುವವರು ಶಾಂತವೇರಿ ಗೋಪಾಲಗೌಡರು.

ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದ ಗೋಪಾಲಗೌಡರು ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು, ಆಮೇಲೆ ಸಮಾಜವಾದಿ ಪಕ್ಷಕ್ಕೆ ತಮ್ಮನ್ನು ಪೂರ್ತಿಯಾಗಿ ಕೊಟ್ಟುಕೊಂಡವರು. ಆದರೆ ಅವರ ರಾಜಕೀಯದ ಬೇರು ಇರುವುದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಗದ್ದೆಯ ಬಾಡಿಗೆಯಾಗಿ ಕೊಡುವ ಗೇಣಿ ಭತ್ತವನ್ನು ಯಾವ ಕೊಳಗದಲ್ಲಿ, ಅಂದರೆ ಯಾವ ಅಳತೆ ಪಾತ್ರೆಯಲ್ಲಿ, ಅಳೆಯಬೇಕು ಎಂಬ ಪ್ರಶ್ನೆ ಅಲ್ಲಿ ಒಡೆಯರಿಗೂ ಗೇಣಿದಾರರಿಗೂ ನಡುವೆ ಎದ್ದಿತು. ಹೊರಗಿನವರ ಕಣ್ಣಿಗೆ ಸಣ್ಣದಾಗಿ ಕಂಡೀತು, ಆದರೆ ವರ್ಷವಿಡೀ ಕೆಸರಿನಲ್ಲಿ ದುಡಿದವನ ಮನೆಗೆ ಎಷ್ಟು ಭತ್ತ ಉಳಿಯಬೇಕು ಎನ್ನುವುದು ಆ ಕೊಳಗದ ಗಾತ್ರದ ಮೇಲೆಯೇ ನಿಂತಿತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಬೆನ್ನಿಗೆ ಸಮಾಜವಾದಿಗಳು ನಿಂತರು, 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು, ದೀವರ ಸಮುದಾಯದ ಗೇಣಿದಾರರು ತಾವೇ ಉಳುತ್ತಿದ್ದ ಗದ್ದೆಗೆ ಇಳಿದು ಬಂಧನಕ್ಕೊಳಗಾದರು. ಅದೇ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಇಲ್ಲಿಗೆ ಬಂದು ಸೆರೆಯಾದರು.

ಮರುವರ್ಷ, 1952ರ ಮೊದಲ ಮಹಾಚುನಾವಣೆಯಲ್ಲಿ, ಸಾಗರ-ಹೊಸನಗರ ಕ್ಷೇತ್ರದ ಜನ ಗೋಪಾಲಗೌಡರನ್ನು ಮೈಸೂರು ವಿಧಾನಸಭೆಗೆ ಕಳುಹಿಸಿದರು. ಎದುರಾಳಿ ಕಾಂಗ್ರೆಸ್ಸಿನ ಬದರಿನಾರಾಯಣರು. ಒಂದು ವೋಟು, ಒಂದು ನೋಟು ಎಂದು ಮತದಾರರೇ ಖರ್ಚಿಗೆ ಹಣ ಕೂಡಿಸಿಕೊಟ್ಟ ಅವರ ಚುನಾವಣೆಗಳ ಮಾತು ಮಲೆನಾಡಿನಲ್ಲಿ ಇನ್ನೂ ಉಳಿದಿದೆ. ಇಂದು ವಿಧಾನಸಭಾ ಅಭ್ಯರ್ಥಿಯೊಬ್ಬರು ಮಾಡಬಹುದಾದ ವೆಚ್ಚದ ಕಾನೂನುಬದ್ಧ ಮಿತಿಯೇ 40 ಲಕ್ಷ ರೂಪಾಯಿ. ಆ ಮಿತಿಯೊಳಗೆ ನಿಲ್ಲುವವರು ಎಷ್ಟು ಮಂದಿ ಎಂಬುದನ್ನು ನೀವೇ ನಿಮ್ಮ ಕ್ಷೇತ್ರದಲ್ಲಿ ಕಂಡಿದ್ದೀರಿ. ಜನರ ನೋಟಿನಿಂದ ಗೆದ್ದವನು ಜನರಿಗೆ ಸಾಲಗಾರನಾಗಿರುತ್ತಾನೆ, ತನ್ನ ನೋಟು ಹಂಚಿ ಗೆದ್ದವನಿಗೆ ಜನರೇ ಸಾಲಗಾರರಂತೆ ಕಾಣುತ್ತಾರೆ. ಈ ವ್ಯತ್ಯಾಸ ಐದು ವರ್ಷವೂ ಸದನದ ನಡವಳಿಕೆಯಲ್ಲಿ ಕಾಣಿಸಿಕೊಳ್ಳುತ್ತದೆಂದೇ ನಾನು ನಂಬಿದ್ದೇನೆ.

1957ರಲ್ಲಿ ಗೋಪಾಲಗೌಡರು ಸೋತರು. ನನಗೆ ಅತ್ಯಂತ ನೋವಿನದೆನಿಸುವ ಸಂಗತಿ ಇದು, ಏಕೆಂದರೆ ರಾಜ್ಯದ ಭೂಸುಧಾರಣಾ ಕಾಯ್ದೆ ಅಂಗೀಕಾರವಾದದ್ದು 1961ರಲ್ಲಿ. ಗೇಣಿದಾರರ ಪರವಾಗಿ ಮಾತನಾಡಲೆಂದೇ ಆರಿಸಿ ಬಂದಿದ್ದವರು, ಗೇಣಿಯ ಬಗ್ಗೆ ಸದನ ತೀರ್ಮಾನ ಮಾಡುವಾಗ ಹೊರಗಿದ್ದರು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಾಲೀಕರು ಜಮೀನು ಮರಳಿ ಪಡೆಯಲು ಆ ಕಾಯ್ದೆಯಲ್ಲಿ ದಾರಿ ಉಳಿದಿತ್ತು. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಮರಳಿದ ಗೌಡರು 1967ರಲ್ಲೂ ಗೆದ್ದರು. ಒಮ್ಮೆಯೂ ಮಂತ್ರಿಯಾಗಲಿಲ್ಲ, ವಿರೋಧ ಪಕ್ಷದ ಬೆಂಚಿನಲ್ಲೇ ಕುಳಿತು ಭೂಮಿಯ ಪ್ರಶ್ನೆಯನ್ನೂ, ರಾಜ್ಯಕ್ಕೆ ಕರ್ನಾಟಕವೆಂದೇ ಹೆಸರಿಡಬೇಕೆಂಬ ಒತ್ತಾಯವನ್ನೂ ಬಿಡದೆ ಎತ್ತಿದರು. ಅವರ ಬಳಗದಲ್ಲಿ ಬೆಳೆದ ಜೆ.ಎಚ್. ಪಟೇಲರು ಮತ್ತು ಎಸ್. ಬಂಗಾರಪ್ಪನವರು ಮುಂದೆ ಮುಖ್ಯಮಂತ್ರಿಗಳಾದರು.

ಅಧಿಕಾರವಿಲ್ಲದ ಶಾಸಕ ಏನು ಮಾಡಿಯಾನು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಮತಕ್ಕೆ ಹಾಕಿದರೆ ಸೋಲುವ ಮಾತನ್ನು ಸದನದಲ್ಲಿ ಮತ್ತೆ ಮತ್ತೆ ಆಡುವುದೂ ಶಾಸನದ ಕೆಲಸ. ಹಾಗೆ ಆಡಿದ ಮಾತು ಕಡತದಲ್ಲಿ ಉಳಿಯುತ್ತದೆ, ಇನ್ನೊಬ್ಬರ ಕೈಯಲ್ಲಿ ಕಾಯ್ದೆಯಾಗುತ್ತದೆ. 1972ರ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡಾಗ ಅವರಿಗೆ ಇನ್ನೂ 50 ತುಂಬಿರಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವರಿಗೆ ಹಕ್ಕು ಕೇಳುವ ಅವಕಾಶ ಸಿಕ್ಕಿತು.

ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಿಕೊಡಲಾಯಿತು. ಅದು ಮೊದಲು ಬಂದದ್ದು ಸುಗ್ರೀವಾಜ್ಞೆಯ ರೂಪದಲ್ಲಿ, ಅಂದರೆ ಸದನದ ಚರ್ಚೆಗೆ ಕಾಯದೆ. ಆ ತಿದ್ದುಪಡಿ ಸರಿಯೋ ತಪ್ಪೋ ಎಂಬ ವಾದ ಬೇರೆ. ದಶಕಗಳ ಚಳವಳಿ ಮತ್ತು ಚರ್ಚೆಯಿಂದ ರೂಪುಗೊಂಡ ಕಾನೂನಿಗೆ ಕೈಹಾಕುವಾಗ 224 ಕ್ಷೇತ್ರಗಳ ಪ್ರತಿನಿಧಿಗಳ ಮಾತನ್ನು ಮೊದಲು ಕೇಳಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಲೆನಾಡಿನಲ್ಲಿ 1974ರ ನಂತರದ ದಿನಗಳನ್ನು ಹಿರಿಯರು ಇಂದಿಗೂ ‘ಡಿಕ್ಲರೇಷನ್ ಹಾಕಿದ ಕಾಲ’, ಅಂದರೆ ಗೇಣಿ ಜಮೀನಿನ ಹಕ್ಕು ಕೋರಿ ಅರ್ಜಿ ಹಾಕಿದ ಕಾಲ, ಎಂದೇ ಕರೆಯುತ್ತಾರೆ. ಆ ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ಭೂನ್ಯಾಯ ಮಂಡಳಿಯ ಎದುರು ವಕೀಲರಿಗೆ ಅವಕಾಶವಿಲ್ಲವೆಂದು ಕಾಯ್ದೆಯೇ ಹೇಳಿದ್ದರಿಂದ, ಕೊಳಗದ ಅಳತೆಯ ಮುಂದೆ ಒಂದು ಕಾಲದಲ್ಲಿ ಬಾಯಿ ಬಿಡಲಾಗದೆ ನಿಂತಿದ್ದ ಗೇಣಿದಾರ, ಈ ಗದ್ದೆ ಉಳುವವನು ನಾನು ಎಂದು ಅಲ್ಲಿ ತನ್ನ ಬಾಯಿಂದಲೇ ಹೇಳಿದ.