ಬೆಂಗಳೂರಿಗೆ ವಾಪಸ್: ಭೋರ್ ಘಾಟ್ ಮತ್ತು ಬರ್ಕ್ಲಿ ಸಾಹೇಬರು

ಮುಂಬೈ-ಪುಣೆ ದಾರಿಯ ಕರ್ಜತ್ ಬಂತು, ವಡಾಪಾವ್ ಕೈಗೆ ಬಂತು, ಈಗ ಹಿಂದಿಂದ ಧಡ್ ಅಂತ ಸದ್ದಾಯ್ತಲ್ಲ, ಅದು ಬ್ಯಾಂಕರ್ ಇಂಜಿನ್ ಸಿಕ್ಕಿಸಿದ್ದು. ಹಿಂದಿಂದ ತಳ್ಳದಿದ್ರೆ ಗಾಡಿ ಈ ಭೋರ್ ಘಾಟ್ ಹತ್ತಲ್ಲ. 37 ಅಡಿ ಮುಂದೆ ಹೋಗೋಷ್ಟ್ರಲ್ಲಿ 1 ಅಡಿ ಮೇಲೆ, ರೈಲಿಗೆ ಇದು ಭಾರಿ ಏರು.

ಸ್ವಲ್ಪ ಈ ಗ್ಲಾಸ್ ನೋಡಿ. ಸ್ಲೀಪರ್‌ಗಿಂತ ಡಬಲ್‌ಗೂ ಜಾಸ್ತಿ ಕೊಟ್ಟು ಎಸಿ ಮಾಡಿಸಿದ್ದು, ಕಿಟಕಿ ಸೀಟೇ ಬೇಕು ಅಂತ ತಿಂಗಳ ಮುಂಚೆ ಬುಕ್ ಮಾಡಿದ್ದು, ಆದ್ರೆ ಗ್ಲಾಸ್ ತುಂಬ ಗೀರು, ಎರಡು ಗ್ಲಾಸಿನ ಮಧ್ಯೆ ನೀರಿನ ಹಬೆ ಬೇರೆ, ಒಳಗಿಂದ ಒರೆಸಿದ್ರೂ ಹೋಗಲ್ಲ ಹೊರಗಿಂದ ಒರೆಸಿದ್ರೂ ಹೋಗಲ್ಲ. ಅಷ್ಟು ದುಡ್ಡು ಕೊಟ್ಟೋರಿಗೆ ಬೆಟ್ಟ ಕಾಣಬೇಕೋ ಬೇಡ್ವೋ? ಬಾಗಿಲಲ್ಲಿ ನಿಂತು ಶೂಟ್ ಮಾಡಲ್ಲ, ನೀವೂ ಮಾಡ್ಬೇಡಿ. ಮುಂದಿನ ಸಲ ಸ್ಲೀಪರೇ.

ಸರಿ, ವಿಷಯಕ್ಕೆ ಬರ್ತೀನಿ. ಈ ದಾರಿ ಹಾಕಿಸಿದ್ದು ಜೇಮ್ಸ್ ಜಾನ್ ಬರ್ಕ್ಲಿ, ಆಗಿನ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಂಪನಿಯ ಚೀಫ್ ಇಂಜಿನಿಯರ್. ಇಂಗ್ಲೆಂಡಲ್ಲಿ ಹೆಸರಾಂತ ರೈಲ್ವೆ ಇಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಕೈಕೆಳಗೆ ಪಳಗಿ ಬಂದೋರು. 1853ರ ಏಪ್ರಿಲ್ 16ಕ್ಕೆ ಬಾಂಬೆಯಿಂದ ಠಾಣೆಗೆ 34 ಕಿಲೋಮೀಟರ್ ಮೊದಲ ಪ್ಯಾಸೆಂಜರ್ ಗಾಡಿ ಓಡಿತಲ್ಲ, ಅದೂ ಇವರದ್ದೇ ಕೆಲಸ. ಎಲ್ರೂ ಅದನ್ನೇ ಹೇಳ್ತಾರೆ, ಆದ್ರೆ ಅಲ್ಲಿ ಹೆಚ್ಚುಕಮ್ಮಿ ಸಮತಟ್ಟು ನೆಲ, ನಿಜವಾದ ಪರೀಕ್ಷೆ ಇಲ್ಲೇ. ಸುಮಾರು 15 ಮೈಲಿಯಲ್ಲಿ 1,800 ಅಡಿಗೂ ಜಾಸ್ತಿ ಹತ್ತಿಸಬೇಕು, 25 ಸುರಂಗ ಕೊರೀಬೇಕು. ಒಂದು ಕಡೆ ತಿರುವು ಹಾಕೋಕೂ ಜಾಗ ಇರ್ಲಿಲ್ಲ, ಅಲ್ಲಿ ರಿವರ್ಸಿಂಗ್ ಸ್ಟೇಷನ್ ಮಾಡಿದ್ರು: ಆಗೆಲ್ಲ ಗಾಡಿ ಒಳಗೆ ಹೋಗಿ ನಿಲ್ತಿತ್ತು, ಇಂಜಿನ್ ಬಿಚ್ಚಿ ಗಾಡಿಯ ಇನ್ನೊಂದು ತುದಿಗೆ ಹಾಕ್ತಿದ್ರು, ಉಲ್ಟಾ ದಿಕ್ಕಲ್ಲಿ ಮತ್ತೆ ಮೇಲೆ ಹೋಗ್ತಿತ್ತು. ಎಂಥ ತಲೆ ನೋಡಿ!

ಬರ್ಕ್ಲಿ ಒಬ್ರೇ ಹೀರೋ ಅಂತ ಹೇಳೋಣ ಅಂದ್ಕೊಂಡಿದ್ದೆ, ಈಗ ಈ ಕಲ್ಲುಗೋಡೆ ಇಷ್ಟು ಹತ್ತಿರದಿಂದ ನೋಡಿದ್ಮೇಲೆ ಹಾಗನ್ನೋಕೆ ಮನಸ್ಸು ಬರ್ತಿಲ್ಲ. ಸಿಡಿಮದ್ದಲ್ಲಿ, ಕಾಲರಾದಲ್ಲಿ, ಜ್ವರದಲ್ಲಿ ಸಾವಿರಾರು ಕೂಲಿಯವರು ಹೋದ್ರು, ಅವರ ಹೆಸರು ಎಲ್ಲಿದೆ? ಕಾಂಟ್ರಾಕ್ಟರ್ ಸಾಲಮನ್ ಟ್ರೆಡ್‌ವೆಲ್ ಕೂಡ 1859ರಲ್ಲಿ ಬಂದು ಸ್ವಲ್ಪ ದಿನಕ್ಕೇ ತೀರಿಕೊಂಡ್ರು, ಆ ಕಾಂಟ್ರಾಕ್ಟನ್ನ ಮುಗಿಸಿಕೊಟ್ಟಿದ್ದು ಅವರ ಹೆಂಡತಿ ಆಲಿಸ್. ಆ ಕಾಲದಲ್ಲಿ, ಗಂಡ ಸತ್ತ ದುಃಖದಲ್ಲಿ, ಪರದೇಶದ ಬೆಟ್ಟದಲ್ಲಿ. ನಂಗೆ ಈ ಹೆಣ್ಮಗಳ ಮೇಲೆ ತುಂಬಾ ಗೌರವ.

ಬರ್ಕ್ಲಿಗೂ ಈ ದಾರಿಯಲ್ಲಿ ರೈಲು ಹತ್ತೋದು ನೋಡೋ ಭಾಗ್ಯ ಸಿಗ್ಲಿಲ್ಲ. 1862ರಲ್ಲಿ 42ನೇ ವಯಸ್ಸಿಗೇ ಹೋಗ್ಬಿಟ್ರು, ಘಾಟ್ ಓಪನ್ ಆಗಿದ್ದು 1863ರಲ್ಲಿ. ಅದು ಓದಿದ ದಿನ ಹೊಟ್ಟೆ ಚುರ್ ಅಂತು ನಂಗೆ.

ಅಯ್ಯೋ, ಸುರಂಗ ಬಂತು, ಎಲ್ಲಾ ಕಪ್ಪು. ಲೋನಾವಳದಲ್ಲಿ ಬ್ಯಾಂಕರ್ ಬಿಚ್ಚೋದು ತೋರಿಸ್ತೀನಿ, ಇರಿ.